ಗೋರಂಟಿ ಬೇಲಿಯ ತಿರುವು

ಕಗ್ಗದಾಸಪುರದ ರೈಲ್ವೆ ಗೇಟು ಒಮ್ಮೆ ಮುಚ್ಚಿತೆಂದರೆ ಬೇಗ ತೆರೆಯುವುದಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ತರಕಾರಿ ಚೀಲ ಹಿಡಿದು ಅಲ್ಲಿ ಕಾಯುತ್ತಿದ್ದಾಗ, ಆಟೋಗಳ ಹೊಗೆ ತಡೆಯಲಾರದೆ ಹಳಿಯ ಪಕ್ಕದ ಪೊದೆಯ ಕಡೆಗೆ ಸರಿದು ನಿಂತೆ. ಕೈ ಸುಮ್ಮನಿರದೆ ಒಂದು ಎಲೆ ಕಿತ್ತು ಹೊಸಕಿತು. ಲಂಟಾನ. ಆ ಒರಟು ಎಲೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಐವತ್ತೆಂಟರ ಹೆಂಗಸು ಎಂಬುದು ಮರೆತುಹೋಯಿತು. ಎಡಗೈಯನ್ನು ಯಾರೋ ಹಿಡಿದುಕೊಂಡಂತೆ, ‘ಎಲ್ಲಿದ್ದೀವಿ ಹೇಳು ಪುಟ್ಟಿ’ ಎಂದು ಕೇಳಿದಂತೆ ಆಯಿತು. ಗೇಟು ತೆರೆದು, ಆಟೋಗಳೆಲ್ಲ ದಾಟಿಹೋಗುವವರೆಗೂ ನಾನು ಅಲ್ಲಾಡಲಿಲ್ಲ.

ಹಾಗೆ ಕೇಳುತ್ತಿದ್ದವರು ರುಕ್ಮಿಣಿ ಅತ್ತೆ, ಅಪ್ಪನ ಅಕ್ಕ. ಅಪ್ಪನಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ, ನಮಗೆ ವಿಮಾನಪುರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಗಂಡ ತೀರಿಕೊಂಡ ಮೇಲೆ ಅತ್ತೆ ಒಂದು ತಗಡಿನ ಟ್ರಂಕಿನೊಂದಿಗೆ ನಮ್ಮಲ್ಲಿಗೆ ಬಂದರು. ನಾನು ಹುಟ್ಟುವ ಮೊದಲಿನ ಮಾತು ಅದು. ಅವರಿಗೆಂದು ಮನೆಯಲ್ಲಿ ಇದ್ದದ್ದು ಮುಂದಿನ ವರಾಂಡದ ಒಂದು ಮೂಲೆ, ಆ ಟ್ರಂಕು, ಒಂದು ಹಗ್ಗದ ಮಂಚ. ಅಕ್ಕಪಕ್ಕದ ಮನೆಗಳಲ್ಲಿ ನಾಮಕರಣವೋ ಸೀಮಂತವೋ ಆದರೆ ಕುಂಕುಮದ ಬಟ್ಟಲು ಹಿಡಿದು ಬಂದವರು ಅಮ್ಮನನ್ನು ಮಾತ್ರ ಕರೆಯುತ್ತಿದ್ದರು. ಅತ್ತೆ ಆಗ ಅವರೆಕಾಯಿ ಸುಲಿಯುವುದರಲ್ಲಿ ಬಹಳ ಮಗ್ನರಾಗಿಬಿಡುತ್ತಿದ್ದರು. ಅವರೆಕಾಯಿ ಇಲ್ಲದ ಕಾಲದಲ್ಲೂ ಏನಾದರೊಂದು ಸುಲಿಯುವುದಕ್ಕೆ ಇರುತ್ತಿತ್ತು. ವಾರದಲ್ಲಿ ಆರು ದಿನ ಹೀಗೆ. ಭಾನುವಾರ ಮಾತ್ರ ಅತ್ತೆ ಬೇರೆಯೇ ಹೆಂಗಸು. ತಿಂಡಿ ಮುಗಿದದ್ದೇ ಚಪ್ಪಲಿ ಮೆಟ್ಟಿ, ಒಂದು ಬಾಳೆ ಎಲೆಯಲ್ಲಿ ಹಿತ್ತಲ ಕಣಗಿಲೆ ಹೂ ಸುತ್ತಿಕೊಂಡು, ನನ್ನ ಕೈ ಹಿಡಿದು ಹೊರಟುಬಿಡುತ್ತಿದ್ದರು.

ಕ್ವಾರ್ಟರ್ಸಿನ ಕೊನೆಯ ಸಾಲು ದಾಟಿದರೆ ಆಗೆಲ್ಲ ಹೊಲ. ಹೊಲಕ್ಕೂ ಹೊಲಕ್ಕೂ ನಡುವೆ ಬೇಲಿ, ಎರಡು ಬೇಲಿಗಳ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲದ ಓಣಿ. ಒಳಗೆ ಕಾಲಿಟ್ಟರೆ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೊದಲು ಲಂಟಾನದ ಬೇಲಿ, ಅದರ ಕಪ್ಪು ಹಣ್ಣು ತಿಂದು ನನ್ನ ನಾಲಿಗೆ ಮಸಿಯಾಗುತ್ತಿತ್ತು. ಆಮೇಲೆ ಕೆರೆಯ ತೇವ ತಗಲುವ ಕಡೆ ಲಕ್ಕಿ ಗಿಡಗಳ ಸಾಲು. ಅದು ಮುಗಿದ ಮೇಲೆ ಬಹಳ ಹೊತ್ತಿಗೆ ಗೋರಂಟಿ ಬೇಲಿ, ಅಲ್ಲಿ ಎಡಕ್ಕೆ ತಿರುಗಬೇಕು. ಅತ್ತೆ ನಡೆಯುತ್ತ ನಡೆಯುತ್ತ ಬೇಲಿಯ ಮೇಲೆ ಕೈ ಆಡಿಸುತ್ತಿದ್ದರು. ಆಗಾಗ ಒಂದು ಎಲೆ ಕಿತ್ತು, ಮೂಸಿ, ನನ್ನ ಮೂಗಿಗೂ ಹಿಡಿದು ‘ಎಲ್ಲಿದ್ದೀವಿ ಹೇಳು’ ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ಹೇಳಬೇಕು. ಸರಿಯಾಗಿ ಹೇಳಿದರೆ ಸೆರಗಿನ ಗಂಟಿನಿಂದ ಒಂದು ಕಲ್ಲುಸಕ್ಕರೆ. ಅದು ನಮ್ಮಿಬ್ಬರ ಆಟ ಎಂದೇ ನಾನು ನಂಬಿದ್ದೆ.

ಓಣಿಯ ಕೊನೆಗೆ ಹೊಂಗೆ ಮರದ ಕೆಳಗೆ ನನ್ನಷ್ಟೇ ಎತ್ತರದ ಒಂದು ವೀರಗಲ್ಲು ನಿಂತಿತ್ತು. ಊರಿನ ದನಗಳನ್ನು ಹೊಡೆದುಕೊಂಡು ಹೋದ ಕಳ್ಳರ ಹಿಂದೆ ಬಿದ್ದು, ದನ ಬಿಡಿಸಿ, ತಾನು ಸತ್ತ ಯಾರೋ ಒಬ್ಬನ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ಆತ, ನಡುವಿನಲ್ಲಿ ಆತನನ್ನು ಎತ್ತಿಕೊಂಡು ಹೋಗುವ ಇಬ್ಬರು ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕುಳಿತ ಆತ. ಬಲಗಡೆಯ ದೇವಕನ್ಯೆಗೆ ಮೂಗು ಇರಲಿಲ್ಲ. ಅತ್ತೆ ಕೆಳಗಿನಿಂದ ಮೇಲಕ್ಕೆ ಬೆರಳಾಡಿಸುತ್ತ ಆ ಕಥೆ ಹೇಳುತ್ತಿದ್ದರು. ಹೂವಿಡುತ್ತಿದ್ದರು. ಆಮೇಲೆ ಅರ್ಧ ಗಂಟೆ ಮರಕ್ಕೆ ಒರಗಿ ಕುಳಿತಿರುತ್ತಿದ್ದರು. ಅಲ್ಲಿ ಅವರು ಹೂವಿಟ್ಟರೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಇದು ನನಗೆ ಆಗ ಅರ್ಥವಾಗಿರಲಿಲ್ಲ. ನನಗೆ ಅರ್ಥವಾಗುತ್ತಿದ್ದದ್ದು ಕಲ್ಲುಸಕ್ಕರೆ.

ನನಗೆ ಒಂಬತ್ತು ತುಂಬಿದ ವರ್ಷ, ದೀಪಾವಳಿಗೆ ಮುಂಚಿನ ಭಾನುವಾರ. ಮಧ್ಯಾಹ್ನ ಅಪ್ಪ ನನ್ನನ್ನು ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋಗಿ ಲಂಗದ ಬಟ್ಟೆ ಕೊಡಿಸುವವರಿದ್ದರು. ಇವತ್ತು ಅತ್ತೆಯ ಜೊತೆ ಹೋಗುವುದಿಲ್ಲ ಎಂದು ಮುಖ ಊದಿಸಿದೆ, ಅಮ್ಮ ಗದರಿ ಕಳಿಸಿದಳು. ಅತ್ತೆಗೆ ಅವತ್ತು ಜೋರು ನೆಗಡಿ. ಲಕ್ಕಿಯ ಸಾಲು ದಾಟಿ ಸ್ವಲ್ಪ ದೂರ ಹೋದ ಮೇಲೆ ಅವರು ನಿಂತು, ‘ಮೂಗು ಕಟ್ಟಿದೆ ಕಣೆ. ಗೋರಂಟಿ ಬಂತಾ, ನೀನೇ ನೋಡಿ ಹೇಳು’ ಎಂದರು. ಬಂದಿರಲಿಲ್ಲ. ಆದರೆ ಅಲ್ಲೇ ಎಡಕ್ಕೆ ಇನ್ನೊಂದು ಸಣ್ಣ ಓಣಿ ಇತ್ತು, ಅದರಲ್ಲಿ ಹೋದರೆ ವೀರಗಲ್ಲಿನ ತನಕ ಹೋಗದೆ ಬೇಗ ಮನೆ ಸೇರಬಹುದು ಎಂದು ನನಗೆ ಗೊತ್ತಿತ್ತು. ಯಾವುದೋ ಸಣ್ಣೆಲೆಯ ಗಿಡದ ಟೊಂಗೆ ಮುರಿದು ಅವರ ಕೈಗಿಟ್ಟು ‘ಬಂತು ಅತ್ತೆ’ ಎಂದೆ. ಇಷ್ಟು ದೊಡ್ಡ ಸುಳ್ಳು ಅವರಿಗೆ ಕಾಣದೇ ಇರುತ್ತದೆಯೇ, ನಗುತ್ತ ಕಿವಿ ಹಿಂಡುತ್ತಾರೆ ಎಂದುಕೊಂಡಿದ್ದೆ. ಅವರು ಹಿಂಡಲಿಲ್ಲ. ನನ್ನ ಮಾತು ನಂಬಿ, ಎಷ್ಟೋ ವರ್ಷದ ಅಭ್ಯಾಸದ ಧೈರ್ಯದಲ್ಲಿ ನನ್ನ ಕೈ ಬಿಟ್ಟು, ಎಡಕ್ಕೆ ತಿರುಗಿ ನಡೆದರು. ಆ ಓಣಿಯ ಪಕ್ಕದಲ್ಲೇ ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿ ಇತ್ತು. ಹಾಡಹಗಲಲ್ಲಿ, ಬಾವಿಯಷ್ಟು ಅಗಲದ ಆ ಗುಂಡಿಯೊಳಕ್ಕೆ ಅತ್ತೆ ನೇರವಾಗಿ ಕಾಲಿಟ್ಟರು. ಕಣಗಿಲೆ ಹೂವೆಲ್ಲ ಕೆಮ್ಮಣ್ಣಿನ ಮೇಲೆ ಚೆಲ್ಲಿತು. ನಾನು ಮೇಲೆ ನಿಂತು ಅಳುತ್ತಿದ್ದರೆ ಅವರು ನಾನಿದ್ದ ಕಡೆ ಬಿಟ್ಟು ಬೇರೆ ಕಡೆಗೆ ಮುಖ ಎತ್ತಿ, ‘ಅಳಬೇಡ, ಎಲ್ಲಿದ್ದೀಯ’ ಎಂದು ಕೇಳಿದರು. ಅತ್ತೆಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ.

ಇಟ್ಟಿಗೆ ಗೂಡಿನವರು ಇಬ್ಬರು ಬಂದು ಎತ್ತಿ, ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದರು. ಕಾಲು ಉಳುಕಿತ್ತು ಅಷ್ಟೆ. ಅಪ್ಪ ಸಿಟ್ಟಿನಿಂದ, ಜೊತೆಯಲ್ಲಿದ್ದು ನೀನೇನು ಮಾಡುತ್ತಿದ್ದೆ ಎಂದು ನನ್ನ ಕಡೆ ತಿರುಗಿದರು. ಅತ್ತೆ ಮಂಚದಿಂದಲೇ, ‘ಮಗೂನ ಯಾಕೆ ಕೇಳ್ತೀಯೋ. ನಾನೇ ಬೇಗ ತಿರುಗಿಬಿಟ್ಟೆ. ನಂಗೆ ಕಣ್ಣು ಕಾಣ್ಸಲ್ಲ, ಎರಡು ವರ್ಷ ಆಯ್ತು’ ಎಂದರು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟರು. ಗೊತ್ತಾದರೆ ಭಾನುವಾರದ ನಡಿಗೆ ನಿಲ್ಲುತ್ತದೆಂದು ಎರಡು ವರ್ಷ ಮನೆಮಂದಿಗೆಲ್ಲ ಮುಚ್ಚಿಟ್ಟ ಗುಟ್ಟನ್ನು, ನನಗೆ ಒಂದು ಏಟು ತಪ್ಪಿಸುವುದಕ್ಕೆ ಅವರು ಬಿಟ್ಟುಕೊಟ್ಟರು.

ನಡಿಗೆ ನಿಂತಿತು. ಕಣ್ಣಿನ ಡಾಕ್ಟರು, ಹೋದ ದೃಷ್ಟಿ ಬರುವುದಿಲ್ಲ ಎಂದರು. ‘ಅಕ್ಕ, ಇನ್ಮೇಲೆ ಮನೆ ಗೇಟು ದಾಟಬೇಡ’ ಎಂದು ಅಪ್ಪ ಕೈ ಮುಗಿದು ಕೇಳಿಕೊಂಡರು, ಅತ್ತೆ ದಾಟಲಿಲ್ಲ. ಮೊದಲಿಗೆ ಪ್ರತಿ ಭಾನುವಾರ ನಾನು ಬೇಲಿಯ ಎಲೆಗಳನ್ನು ಕಿತ್ತು ತಂದು ಕೊಡುತ್ತಿದ್ದೆ. ಅವರು ಒಂದೊಂದನ್ನೂ ಮೂಸಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ‘ಎಲ್ಲಿದ್ದೀವಿ ಹೇಳು’ ಎಂದು ಮಾತ್ರ ಮತ್ತೆ ಕೇಳಲೇ ಇಲ್ಲ. ನಾನು ಹೈಸ್ಕೂಲಿಗೆ ಹೋದೆ, ಎಲೆ ತರುವುದು ತಿಂಗಳಿಗೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿ, ನಿಂತಿತು. ಕಾಲೇಜಿನ ಎರಡನೆಯ ವರ್ಷದಲ್ಲಿ ಅತ್ತೆ ಹೋದರು. ಅವತ್ತಿನ ಸುಳ್ಳನ್ನು ಹೇಳಿಬಿಡಬೇಕು ಎಂದು ಹತ್ತು ವರ್ಷ ಅವರ ಮಂಚದ ಹತ್ತಿರ ಸುಳಿದಾಡಿದ್ದೆ, ಹೇಳಿರಲಿಲ್ಲ. ಆ ಎಲೆ ಕೈಗಿಟ್ಟಾಗಲೇ ಅವರಿಗೆ ಅನುಮಾನ ಬಂದಿರಬಹುದು, ಆದರೂ ನನ್ನನ್ನು ನಂಬಿದರು. ಇದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಅಪ್ಪನ ನಿವೃತ್ತಿಯೊಂದಿಗೆ ಕ್ವಾರ್ಟರ್ಸೂ ಹೋಯಿತು. ಈಗ ಆ ಮನೆಯನ್ನು ಬಲ್ಲವಳು ನಾನೊಬ್ಬಳೇ. ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರು ಇರಲೇ ಇಲ್ಲ.

ರೈಲ್ವೆ ಗೇಟಿನ ಆ ಬೆಳಿಗ್ಗೆಯ ಮರುವಾರ, ಹಳೆಯ ಕಲ್ಲುಗಳನ್ನು ನೋಡುತ್ತ ನಡೆಯುವ ಹುಡುಗ ಹುಡುಗಿಯರ ಗುಂಪೊಂದರ ಜೊತೆ ಹೋದೆ. ನಮ್ಮ ಕಲ್ಲು ಇನ್ನೂ ಇದೆ. ಎರಡು ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ನಡುವೆ, ಟೈಲ್ಸು ಹಾಕಿದ ಕಟ್ಟೆಯ ಮೇಲೆ, ಕಬ್ಬಿಣದ ಜಾಲರಿಯೊಳಗೆ, ಮೈತುಂಬ ಅರಿಶಿನ ಬಳಿಸಿಕೊಂಡು ನಿಂತಿದೆ. ಅರಿಶಿನದ ಅಡಿ ಕೆತ್ತನೆ ಕಾಣುತ್ತಿರಲಿಲ್ಲ. ಜಾಲರಿಯೊಳಗೆ ಬೆರಳು ತೂರಿಸಿ ಕೆಳಗಿನಿಂದ ಮೇಲಕ್ಕೆ ಸವರಿದೆ. ಮೂಗಿಲ್ಲದ ದೇವಕನ್ಯೆ ಸಿಕ್ಕಳು. ಗುಂಪಿನ ಹುಡುಗ ‘ಮೇಡಮ್, ನೀವು ಇದೇ ಏರಿಯಾದವ್ರಾ?’ ಎಂದು ಕೇಳಿದ. ಹೌದು ಎಂದೆ.

ನಿನ್ನೆ ಭಾನುವಾರ ಒಬ್ಬಳೇ ವಿಮಾನಪುರದ ಕಡೆಯಿಂದ ನಡೆದೆ, ಎಲೆಯಲ್ಲಿ ಕಣಗಿಲೆ ಸುತ್ತಿಕೊಂಡು. ಬೇಲಿಗಳಿಲ್ಲ, ಆದರೆ ಓಣಿಗಳು ಇದ್ದ ಜಾಡಿನಲ್ಲೇ ರಸ್ತೆಗಳು ತಿರುಗುತ್ತವೆ. ಲಂಟಾನ ಇದ್ದ ಕಡೆ ಬೇಕರಿ, ಲಕ್ಕಿಯ ಸಾಲಿನ ಕಡೆ ಮೊಬೈಲ್ ಅಂಗಡಿಗಳು. ಅವು ಮುಗಿದ ಮೇಲೆ ಎಡಕ್ಕೆ ಒಂದು ಕಿರಿದಾದ ಅಡ್ಡರಸ್ತೆ. ಇಟ್ಟಿಗೆ ಮಣ್ಣಿನ ಗುಂಡಿ ಇದ್ದ ಜಾಗದಲ್ಲಿ ಯಾವುದೋ ಕಟ್ಟಡದ ಪಾರ್ಕಿಂಗು, ಕಾರುಗಳು ಒಳಕ್ಕೆ ಇಳಿಯುತ್ತಿದ್ದವು. ನಾನು ಮೂಲೆಯಲ್ಲಿ ನಿಂತೆ. ಎಡಗೈ ತಾನಾಗಿಯೇ ಸ್ವಲ್ಪ ಮುಂದಕ್ಕೆ ಚಾಚಿತು. ದಾರಿಹೋಕರು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

‘ಗೋರಂಟಿ ಇನ್ನೂ ಬಂದಿಲ್ಲ ಅತ್ತೆ’ ಎಂದೆ. ‘ಇನ್ನೂ ಸ್ವಲ್ಪ ಮುಂದಕ್ಕೆ ಹೋಗ್ಬೇಕು.’