ವೀರಗಲ್ಲಿಗೆ ಆನ್‌ಲೈನ್ ಅಭ್ಯಂಜನ

ಸಂಘಮಿತ್ರ ಕಲಾ ಇತಿಹಾಸ ಕಲಿಸುವುದು ಕುಂದಾಣದ ತನ್ನ ಮನೆಯ ಮಹಡಿ ಕೋಣೆಯಿಂದ. ಬೆಂಗಳೂರಿನ ಕಾಲೇಜೊಂದರ ಆನ್‌ಲೈನ್ ಪದವಿಯಲ್ಲಿ ಅದು ಐಚ್ಛಿಕ ವಿಷಯ. ವಸ್ತುಸಂಗ್ರಹಾಲಯಗಳ ಜಾಲತಾಣದಿಂದ ಶಿಲ್ಪಗಳ ಚಿತ್ರ ಹುಡುಕಿ, ಉಳಿಯ ಗುರುತು ಕಾಣುವಷ್ಟು ಹಿಗ್ಗಿಸಿ ತೋರಿಸುವುದೆಂದರೆ ಅವಳಿಗೆ ಹಬ್ಬ. ಅತ್ತ ಕಡೆ ಮಾತ್ರ ಬರೀ ಕಪ್ಪು ಚೌಕಗಳು, ಒಂದೊಂದರಲ್ಲೂ ಒಂದು ಹೆಸರು. ಪ್ರಶ್ನೆ ಕೇಳಿದರೆ ಒಂದು ಚೌಕವೂ ಬೆಳಗುವುದಿಲ್ಲ.

"ಲಾಗಿನ್ ಆಗಿ ಮಲಗ್ತಾರೆ ಮೇಡಮ್," ಎಂದಿದ್ದರು ವಿಭಾಗದ ಮುಖ್ಯಸ್ಥ ವೇಣುಗೋಪಾಲ್. "ಗುರುವಾರ ನಾನೇ ಕೂತು ನೋಡ್ತೀನಿ. ಹಿಂಗೇ ಇದ್ರೆ ಮುಂದಿನ ಸೆಮಿಸ್ಟರ್‌ಗೆ ಈ ಪೇಪರ್ ಇರಲ್ಲ."

ಚಿತ್ರ ಸಾಕು, ಕಲ್ಲನ್ನೇ ತೋರಿಸೋಣ ಎಂದುಕೊಂಡಳು ಸಂಘಮಿತ್ರ. ಅವರ ಹೊಲದ ಬದುವಿನ ಮೇಲೊಂದು ವೀರಗಲ್ಲಿದೆ. ನೇರ ಬೆಳಕಿನಲ್ಲಿ ಉಬ್ಬುಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಪ್ರತಿ ಗೆರೆಗೂ ನೆರಳು ಹುಟ್ಟುತ್ತದೆ. ಅದಕ್ಕೇ ಬೆಳಗಿನ ಎಳೆಬಿಸಿಲಿಗೆ ಪಾಠ ಇಟ್ಟಳು. ಸಿಗ್ನಲ್ ನೋಡಿದ್ದಳು, ಚಾರ್ಜ್ ನೋಡಿದ್ದಳು. ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಅಮ್ಮ ರುಕ್ಮಿಣಮ್ಮನನ್ನು ಮಾತ್ರ.

ಗುರುವಾರ ಫೋನ್ ಹಿಡಿದು ಬದುವಿಗೆ ಬಂದವಳು ನಿಂತಲ್ಲೇ ನಿಂತಳು. ಕಲ್ಲಿನ ತುಂಬ ಎಣ್ಣೆ, ಎಣ್ಣೆಯ ಮೇಲೆ ಗಟ್ಟಿಯಾಗಿ ಅರಿಶಿನ, ಅದರ ಮೇಲೆ ಸುಣ್ಣದ ಪಟ್ಟೆ, ಕುಂಕುಮ, ಚೆಂಡುಹೂವಿನ ಹಾರ, ಎರಡು ಬೆಳ್ಳಿ ಕಣ್ಣು. ವೀರನೂ ಇಲ್ಲ, ಅವನ ಕತ್ತಿಯೂ ಇಲ್ಲ.

"ಅಮ್ಮಾ, ಏನ್ ಮಾಡ್ಬಿಟ್ಟೆ!"

"ನಾಡೋರೆಲ್ಲ ನೋಡ್ತಾರೆ ಅಂದ್ಯಲ್ಲ ಮಗಾ. ಬರೀ ಮೈಯಲ್ಲಿ ನಿಲ್ಸಕ್ಕಾಗ್ತದಾ?"

ಪಾಠ ಆಗಲೇ ಶುರುವಾಗಿತ್ತು. ಕಪ್ಪು ಚೌಕಗಳ ನಡುವೆ ವೇಣುಗೋಪಾಲ್ ಒಬ್ಬರ ಮುಖ ಕಾಣುತ್ತಿತ್ತು. ಸಂಘಮಿತ್ರ ತೊದಲಿದಳು: "ಇದು... ವೀರಗಲ್ಲು. ಇದರೊಳಗೆ ಮೂರು ಸಾಲು ಕೆತ್ತನೆ ಇದೆ. ಈಗ ಕಾಣಿಸ್ತಿಲ್ಲ."

ಒಂದು ಚೌಕ ಬೆಳಗಿತು. ವಿಮಾನ ನಿಲ್ದಾಣದ ಕ್ಯಾಬ್ ಪಾರ್ಕಿಂಗ್‌ನಲ್ಲಿ ಬಾಡಿಗೆಗೆ ಕಾಯುತ್ತಲೇ ಪದವಿ ಓದುತ್ತಿದ್ದ ಬೈರೇಶ್. "ಮೇಡಮ್, ಒರೆಸ್ಬಿಟ್ರೆ?"

"ಯಾರ್ಲಾ ಅವ್ನು?" ರುಕ್ಮಿಣಮ್ಮ ಫೋನಿನೊಳಗೇ ಇಣುಕಿದರು. "ಪೂಜೆ ಮಾಡಿದ್ದ ಒರೆಸ್ತಾರೇನೋ? ನಿಮ್ಮವ್ವ ಹೇಳ್ಕೊಟ್ಟಿಲ್ವಾ?"

"ಮತ್ತೇನಜ್ಜಿ, ಬರೀ ಹೂವ ನೋಡ್ಕಂಡು ಎಕ್ಸಾಮ್ ಬರೆಯದಾ?"

ಯಾರೋ ಕಿಸಕ್ಕೆಂದರು. ರುಕ್ಮಿಣಮ್ಮ ಕಲ್ಲಿನ ಕಡೆ ತಿರುಗಿದರು. "ಒರ್ಸಾದು ತಪ್ಪು ಕಣಪ್ಪಾ. ಎಣ್ಣೆ ಹಚ್ಚಿದ ಮೇಲೆ ನೀರು ಹಾಕೋದು ತಪ್ಪಲ್ಲ. ಇವತ್ತು ಇವನಿಗೆ ಅಭ್ಯಂಜನ ಅನ್ಕೊಂಡ್ರಾಯ್ತು."

ಸೀಗೆಪುಡಿ ಬಂತು, ಕೊಡಗಳಲ್ಲಿ ನೀರು ಬಂತು. ಹಾರ, ಬೆಳ್ಳಿ ಕಣ್ಣು ತೆಗೆದಿಟ್ಟು, ಮಗುವಿನ ಬೆನ್ನು ಉಜ್ಜುವಂತೆ ರುಕ್ಮಿಣಮ್ಮ ಅಂಗೈಯಿಂದ ಕಲ್ಲನ್ನು ಉಜ್ಜಿದರು. ಅಷ್ಟರಲ್ಲಿ ಬಿಸಿಲು ಮೇಲೇರಿತ್ತು. ಸಂಘಮಿತ್ರ ಪೂಜೆಯ ಸ್ಟೀಲ್ ತಟ್ಟೆ ಎತ್ತಿ, ಬೆಳಕನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿದಳು. ಅರಿಶಿನದ ನೀರು ಇಳಿದಂತೆ ಕೆಳಗಿನ ಸಾಲಿನಲ್ಲಿ ಒಂದು ಕೊಂಬು ಕಂಡಿತು.

"ಹಸು!" ಎಂದಿತು ಒಂದು ಚೌಕ.

"ಎರಡು ಹಸು ಕಣೋ, ಹಿಂದೆ ನೋಡು!"

"ಕತ್ತಿ ಬಂತು! ಅಜ್ಜಿ, ಎಡಗಡೆ ಇನ್ನೊಂಚೂರು ಉಜ್ಜಿ!"

"ಹಸು ಕದಿಯೋಕೆ ಬಂದೋರ ಜೊತೆ ಜಗಳ ಆಡ್ತಾವ್ನಾ ಮೇಡಮ್?"

ಒಂದೊಂದಾಗಿ ಚೌಕಗಳು ಬೆಳಗಿ ಮುಖಗಳಾದವು. ಹಾಸ್ಟೆಲ್ ಮಂಚ, ಅಂಗಡಿ ಗಲ್ಲಾ, ಹಿಂದೆ ಒಗ್ಗರಣೆಯ ಹೊಗೆ. ಸಂಘಮಿತ್ರ ಪಾಠವನ್ನೇ ಮರೆತು ಆ ಮುಖಗಳನ್ನು ನೋಡಿದಳು. ಇವರೆಲ್ಲ ಇಷ್ಟು ದಿನ ಇಲ್ಲೇ ಇದ್ದರೇ! ಒಬ್ಬ ಹುಡುಗಿ ವಸ್ತುಸಂಗ್ರಹಾಲಯದ ಜಾಲತಾಣದಿಂದ ಇನ್ನೊಂದು ವೀರಗಲ್ಲನ್ನು ತೆರೆದು ಪಕ್ಕದಲ್ಲಿಟ್ಟಳು. ಎರಡರಲ್ಲೂ ಮಧ್ಯದ ಸಾಲಿನಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದರು.

"ಅಮ್ಮಾ," ಎಂದರು ವೇಣುಗೋಪಾಲ್, ಕನ್ನಡಕ ತೆಗೆದು ಪರದೆಯ ಹತ್ತಿರ ಬಂದು, "ಮೇಲಿನ ಸಾಲಿಗೂ ಒಂದು ಚೊಂಬು ಹಾಕಿ. ಅಲ್ಲಿ ಲಿಂಗ ಇರ್ಬೇಕು."

ಇತ್ತು. ಎಲ್ಲರೂ ಒಟ್ಟಿಗೆ ಕೂಗಿದರು.

"ಸರ್, ಪೇಪರ್ ವಿಷಯ..." ಸಂಘಮಿತ್ರ ಕೇಳಿದಳು.

"ಇರುತ್ತೆ ಮೇಡಮ್. ತಟ್ಟೆ ಅಲುಗಿಸ್ಬೇಡಿ, ಕಾಣ್ತಿಲ್ಲ."

ಗಂಟೆ ಮುಗಿದರೂ ಯಾರೂ ಎದ್ದು ಹೋಗಲಿಲ್ಲ. ಹೋಗಲು ರುಕ್ಮಿಣಮ್ಮನೂ ಬಿಡುವಂತಿರಲಿಲ್ಲ. ಕರ್ಪೂರ ಹಚ್ಚುತ್ತ ಅವರು ಫೋನಿನ ಕಡೆ ಬೆರಳು ತೋರಿಸಿದರು: "ಸ್ನಾನ ನೋಡಿದೋರೆಲ್ಲ ಮಂಗಳಾರತಿ ತಗೊಂಡೇ ಹೋಗ್ಬೇಕು. ಲೇ ಬೈರೇಶಾ, ಗಾಡಿ ಸ್ಟಾರ್ಟ್ ಮಾಡ್ಬೇಡ!"