ಗೌಜಲಕ್ಕಿ ಮರಿಯ ಕಾಲುಗುರು

ಇಂಥ ಮಾತುಗಳನ್ನು ನಾನು ನಂಬಿದವಳಲ್ಲ. ನಮ್ಮ ಬೀದಿಯ ಒಬ್ಬಾಕೆ, ಕರೆಂಟಿಲ್ಲದಾಗ ತಮ್ಮ ಮನೆಯ ಮಗ್ಗ ತಾನೇ ಓಡಿತು ಅಂತ ಹೇಳಿಕೊಂಡು ತಿರುಗುತ್ತಿದ್ದಳು. ಹಾಗಾದರೆ ಎಷ್ಟು ಸೀರೆ ನೇಯ್ದಿತು, ತಂದು ತೋರಿಸು ಅಂತ ನಲ್ಲಿಯ ಹತ್ತಿರ ಎಲ್ಲರ ಎದುರಿಗೆ ಅವಳನ್ನು ಗೇಲಿ ಮಾಡಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಜಾರಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಇದರ ಕಾಗುಣಿತ ತಿದ್ದಿದವಳು ನನ್ನ ಮೊಮ್ಮಗಳು ಭವ್ಯ. ತನ್ನನ್ನು ಹೊಗಳಿದ ಕಡೆಯೆಲ್ಲ ತೆಗೆದುಹಾಕಲು ನೋಡಿದಳು. ನಾನು ಬಿಡಲಿಲ್ಲ. ಹೊಗಳದೆ ಬರೆಯುವುದಾದರೆ ನಾನು ಪೆನ್ನು ಯಾಕೆ ಹಿಡಿಯಬೇಕು?

ನಮ್ಮದು ದೊಡ್ಡಬಳ್ಳಾಪುರ. ನಮ್ಮ ಯಜಮಾನರು ಇದ್ದಾಗ ಮನೆಯಲ್ಲೇ ಮಗ್ಗ ಇತ್ತು. ಅವರು ನೇಯುತ್ತಿದ್ದರು, ನಾನು ಗ್ರಾಫ್ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ಸಣ್ಣ ಸಣ್ಣ ಚೌಕ ತುಂಬಿ ಸೀರೆಯ ಅಂಚಿನ ಡಿಸೈನ್ ಬರೆಯುತ್ತಿದ್ದೆ. ತುಂಬಿದ ಚೌಕ ಇದ್ದಲ್ಲಿ ಜರಿ ಮೇಲೆ ಬರಬೇಕು, ಖಾಲಿ ಬಿಟ್ಟಲ್ಲಿ ಬೇಡ. ಕೈತಪ್ಪಿ ತುಂಬಿದರೆ ಬ್ಲೇಡಿನ ಮೂಲೆಯಿಂದ ಇಂಕನ್ನು ಮೆತ್ತಗೆ ಕೆರೆದು ತೆಗೆಯಬೇಕು. ಹಾಳೆ ಹರಿದರೆ ಮುಗಿಯಿತು. ಅದೇ ಕೆಲಸವನ್ನು ಈಗ ನನ್ನ ಮಗನ ಮಗಳು, ಈ ಭವ್ಯ, ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಬಿಸಿಎ ಓದಿದ ಹುಡುಗಿ, ಬೆಂಗಳೂರಿನ ಬಸ್ಸು ಹತ್ತಲಿಲ್ಲ. ಮೂರು ಬೀದಿ ಆಚೆ ಗಂಗಾಧರಪ್ಪನವರ ಮಗ್ಗದ ಶೆಡ್ಡಿನಲ್ಲಿ ಡಿಸೈನ್ ರೂಮಿಗೆ ಸೇರಿದಳು. ಮೊದಲ ದಿನ ಅವಳು ಚಪ್ಪಲಿ ಬಿಟ್ಟು ಆ ರೂಮಿನ ಒಳಗೆ ಹೋದದ್ದನ್ನು ನಾನು ರಸ್ತೆಯಲ್ಲಿ ನಿಂತು ನೋಡಿ ಬಂದೆ. ಇದು ಅವಳಿಗೆ ಈ ಕಾಗದ ಓದಿದ ಮೇಲೇ ಗೊತ್ತಾಗಿದ್ದು.

ಆ ರೂಮಿನಲ್ಲಿ ಒಂದು ತಾಪತ್ರಯ ಇತ್ತು. ಇರುವ ಕಂಪ್ಯೂಟರುಗಳಲ್ಲಿ ಎಲ್ಲರೂ ಎಲ್ಲರ ಡಿಸೈನನ್ನೂ ತೆರೆಯುತ್ತಿದ್ದರು. ಯಾರೋ ಒಂದು ಚುಕ್ಕಿ, ಅಂದರೆ ನಮ್ಮ ಚೌಕ, ಅಳಿಸುವುದು, ಇನ್ಯಾರೋ ಬಣ್ಣ ಬದಲಾಯಿಸುವುದು, ಕೇಳಿದರೆ ನಾನಲ್ಲ ಅನ್ನುವುದು. ಅಷ್ಟರಲ್ಲಿ ಸೀರೆ ಅರ್ಧ ನೇಯ್ದು ಹಾಳಾಗಿರುತ್ತಿತ್ತು. ಒಂದೆರಡು ಡಿಸೈನ್ ಪೆನ್‌ಡ್ರೈವಿನಲ್ಲಿ ಹೊರಗೂ ಹೋಗಿತ್ತು. ಭವ್ಯ ತಾನೇ ಕೂತು, ಅವರು ಡಿಸೈನ್ ಬರೆಯುವ ಆ ಪ್ರೋಗ್ರಾಮಿನ ಒಳಗೇ ಒಂದು ಕಾವಲು ಬರೆದಳು. ಯಾವ ಕಂಪ್ಯೂಟರಿನಲ್ಲಿ, ಯಾರ ಹೆಸರಿನಲ್ಲಿ, ಯಾವ ಫೈಲು ತೆರೆಯಿತು, ಅದರಲ್ಲಿ ಏನು ಬದಲಾಯಿತು, ಎಲ್ಲಿಗೆ ಕಾಪಿ ಆಯಿತು, ಇಷ್ಟನ್ನೂ ಅದು ತಾನೇ ಸಾಲು ಸಾಲಾಗಿ ಬರೆದಿಡುತ್ತದೆ. ಫೋಟೋ ತೆಗೆಯುತ್ತದಾ ಅಂತ ಕೇಳಿದೆ. ಇಲ್ಲ, ಮನುಷ್ಯರನ್ನು ಅದು ನೋಡುವುದಿಲ್ಲ, ಫೈಲಿಗೆ ಏನಾಯಿತು ಅನ್ನುವುದನ್ನು ಮಾತ್ರ ನೋಡುತ್ತದೆ ಅಂದಳು.

ಅದನ್ನು ಕದ್ದುಮುಚ್ಚಿಯೂ ಹಾಕಲಿಲ್ಲ. ರೂಮಿನಲ್ಲಿ ಕೆಲಸ ಮಾಡುವವರನ್ನೆಲ್ಲ ಕೂರಿಸಿ, ಇಂಥದ್ದು ಹಾಕುತ್ತಿದ್ದೇನೆ, ಮೊದಲು ನನ್ನ ಕಂಪ್ಯೂಟರಿಗೇ ಹಾಕಿದ್ದೇನೆ ಅಂತ ಹೇಳಿದಳಂತೆ. ಅವರು ಬಿಡುತ್ತಾರೆಯೇ? "ಬಂದ್ರಪ್ಪಾ ಸಿಐಡಿ ಮೇಡಮ್ಮು, ಎಲ್ರೂ ಕೈ ಎತ್ಕೊಂಡು ಕೆಲ್ಸ ಮಾಡಿ" ಅಂತ ದಿನಾ ರೇಗಿಸುವುದು. ಗಂಗಾಧರಪ್ಪನವರು ಹೇಳಿದ್ದು ಇಷ್ಟು: ಈಗ ಬಂದಿರುವ ಮದುವೆ ಸೀರೆಗಳ ಆರ್ಡರ್ ಮುಗಿಯುವ ತನಕ ನೋಡುತ್ತೇನೆ, ನಿನ್ನ ಕಾವಲು ಸರಿ ಹೇಳಿದರೆ ಡಿಸೈನ್ ರೂಮು ನಿನ್ನದೇ, ಒಂದು ಸುಳ್ಳು ಹೇಳಿದರೂ ಅದನ್ನೂ ತೆಗೆಯುತ್ತೇನೆ, ನಿನ್ನನ್ನೂ ಕಳಿಸುತ್ತೇನೆ.

ಆ ಆರ್ಡರಿಗೆ ಭವ್ಯ ಬರೆದ ಅಂಚನ್ನು ನೀವು ನೋಡಬೇಕಿತ್ತು. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಅವಳು ಚಿಕ್ಕವಳಿದ್ದಾಗ ಕಂಡ ಗೌಜಲಕ್ಕಿ. ಮುಂದೆ ತಾಯಿ, ಹಿಂದೆ ಸಾಲಾಗಿ ಮರಿಗಳು, ಓಡುತ್ತಿರುವ ಹಾಗೆ. ನವಿಲು, ಹಂಸ ಎಲ್ಲರೂ ಬರೆಯುತ್ತಾರೆ. ಗೌಜಲಕ್ಕಿಯನ್ನು ರೇಷ್ಮೆ ಸೀರೆಗೆ ತಂದವರನ್ನು ನಾನಂತೂ ಕಂಡಿಲ್ಲ. ಫೋನಿನಲ್ಲಿ ತೋರಿಸಿದಳು. ನನ್ನ ಎದೆ ಉಬ್ಬಿತು, ಹಾಗೇ ಒಂದು ಅಳುಕೂ ಬಂತು. ಎಲ್ಲೂ ಒಂದು ತಪ್ಪಿಲ್ಲ. ನಮ್ಮ ಮನೆಯಲ್ಲಿ ಹೊಸ ಡಿಸೈನಿನ ಮೊದಲ ಸೀರೆಗೆ ಒಂದು ಚೌಕ ಖಾಲಿ ಬಿಡುತ್ತಿದ್ದೆವು, ದೃಷ್ಟಿಯಾಗದಿರಲಿ ಅಂತ. ಎಲ್ಲಿ ಬಿಟ್ಟೆ ಅಂತ ಬರೆದವಳಿಗೆ ಮಾತ್ರ ಗೊತ್ತು. ಒಂದು ಚುಕ್ಕಿ ಬಿಡೇ ಅಂದೆ. "ಅಜ್ಜಿ, ಒಂದು ಚುಕ್ಕಿ ಹೋಗ್ಬಾರ್ದು ಅಂತಾನೇ ನಾನು ಕಾವ್ಲು ಹಾಕಿರೋದು, ನಾನೇ ತೆಗೀಲಾ?" ಅಂತ ನಕ್ಕು ಫೋನು ಜೇಬಿಗೆ ಹಾಕಿಕೊಂಡಳು. ಅದೂ ನ್ಯಾಯವೇ.

ಅದಾದ ಶುಕ್ರವಾರ ಮಧ್ಯಾಹ್ನ ಊಟ ಮಾಡಿ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದೆ. ಜೋಂಪು ಹತ್ತಿತು. ನಿದ್ದೆಯಲ್ಲಿ ನಾನು ಗ್ರಾಫ್ ಹಾಳೆಯ ಮುಂದೆ ಕೂತಿದ್ದೇನೆ. ಹಾಳೆಯ ಮೇಲೆ ಇರುವುದು ನನ್ನ ಹಳೇ ಡಿಸೈನಲ್ಲ, ಭವ್ಯಳ ಗೌಜಲಕ್ಕಿ. ನಾನು ಬ್ಲೇಡು ತೆಗೆದುಕೊಂಡು ಎಲ್ಲಕ್ಕಿಂತ ಹಿಂದಿರುವ ಮರಿಯ ಕಾಲುಗುರಿನ ತುದಿಯ ಒಂದೇ ಒಂದು ಚೌಕವನ್ನು ಕೆರೆದೆ. ಇಂಕು ಪುಡಿಯಾಗಿ ಬಂತು, ಊದಿದೆ. ಅಷ್ಟೇ ಕನಸು. ಎಚ್ಚರವಾದಾಗ ಸೊಸೆ ಸುಜಾತ ಬಾಗಿಲಲ್ಲಿ ನಿಂತಿದ್ದಳು. "ಯಾಕತ್ತೆ, ಚಾಪೆ ಕೆರೀತಿದ್ದೀರಾ? ಹುಳ ಏನಾದ್ರೂ ಬಂತಾ?" ಅಂದಳು. ನೋಡಿದರೆ ನನ್ನ ಹೆಬ್ಬೆಟ್ಟೂ ತೋರುಬೆಟ್ಟೂ ಬ್ಲೇಡು ಹಿಡಿದ ಹಾಗೆ ಕೂಡಿಕೊಂಡಿದ್ದವು. ವಯಸ್ಸಾಯ್ತು ಬಿಡು ಅಂತ ಎದ್ದು ಮುಖ ತೊಳೆದೆ.

ಸಂಜೆ ಭವ್ಯ ಬಂದವಳು ಕಾಫಿ ಮುಟ್ಟಲಿಲ್ಲ. ನಡೆದದ್ದು ಇದು. ಆ ದಿನ ಹೊಸ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಪೂಜೆ ಇತ್ತು. ಮಧ್ಯಾಹ್ನ ಗಂಗಾಧರಪ್ಪನವರು ಡಿಸೈನ್ ರೂಮಿಗೆ ತಾವೇ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎಲ್ಲರನ್ನೂ ಮಗ್ಗಗಳ ಕಡೆ ಕರೆದುಕೊಂಡು ಹೋದರು. ಭವ್ಯ ತನ್ನ ಕಂಪ್ಯೂಟರನ್ನು ಆರಿಸದೆ ಹೋಗಿದ್ದಳು. ಪೂಜೆ, ಊಟ ಮುಗಿಸಿ ಬೀಗ ತೆಗೆದು ಒಳಗೆ ಬಂದು ನೋಡಿದರೆ ಗೌಜಲಕ್ಕಿಯ ಫೈಲಿನಲ್ಲಿ ಒಂದು ಚುಕ್ಕಿ ಇಲ್ಲ. ಕಾವಲಿನಲ್ಲಿ ಒಂದು ಸಾಲು: ಭವ್ಯಳ ಕಂಪ್ಯೂಟರು, ಭವ್ಯಳ ಹೆಸರು, ಒಂದು ಚೌಕ ಅಳಿಸಲಾಗಿದೆ, ಸೇವ್ ಆಗಿದೆ. ಸಮಯ, ಅವರೆಲ್ಲ ಮಂಗಳಾರತಿಗೆ ನಿಂತಿದ್ದ ಹೊತ್ತು. ಮಾಲೀಕರು, ನಿನ್ನ ಕಾವಲು ಸುಳ್ಳು ಹೇಳುತ್ತಿದೆ ಇಲ್ಲವೇ ನೀನು ಹೇಳುತ್ತಿದ್ದೀಯ, ಬೆಳಿಗ್ಗೆ ಬಂದು ಯಾವುದು ಅಂತ ಹೇಳು ಅಂದು ಕಳಿಸಿದ್ದರು.

ಯಾವ ಚುಕ್ಕಿ ಅಂತ ಅವಳು ಇನ್ನೂ ಹೇಳಿರಲಿಲ್ಲ. ನನ್ನ ಬಾಯಿಂದಲೇ ಬಂದುಬಿಟ್ಟಿತು. "ಕೊನೇ ಮರಿ ಕಾಲುಗುರಾ?"

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಸುಜಾತ ಒಳಗಿಂದ ಬಂದು ಚಾಪೆಯ ವಿಷಯ ಹೇಳಿದಳು.

ಮಾರನೇ ದಿನ ನಾನೂ ಅವಳ ಜೊತೆ ಶೆಡ್ಡಿಗೆ ಹೋದೆ. ಬೇಡ ಅಂದರೂ ಕೇಳಲಿಲ್ಲ. ಮಗು ಒಂದೇ ನಿಂತು ಬೈಸಿಕೊಳ್ಳುವುದು ನನ್ನಿಂದ ನೋಡಲಾಗದು. ಆದರೆ ಅಲ್ಲಿ ನಾನು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ, ಹಾಗೆ ಮಾತಾಡಿದಳು ನನ್ನ ಹುಡುಗಿ. ಕಾವಲು ಸುಳ್ಳು ಹೇಳಿದ್ದರೆ ಚುಕ್ಕಿ ಅಲ್ಲೇ ಇರಬೇಕಿತ್ತು, ಇಲ್ಲವಲ್ಲ ಸಾರ್ ಅಂದಳು. ಹಾಗಾದರೆ ನೀನೇ ಬೆಳಿಗ್ಗೆ ಅಳಿಸಿ ಸಮಯ ಬದಲಾಯಿಸಿರಬೇಕು ಅಂದರು ಅವರು. ಭವ್ಯ ಮಗ್ಗಗಳ ಕಡೆ ಹೋಗಿ ದೇವರ ಪಟದ ಮುಂದೆ ಇಟ್ಟಿದ್ದ ಕಾಗದ ತಂದಳು. ಪೂಜೆಗೆ ಇಡಲು ಅಂತ, ಬೀಗ ಹಾಕುವ ಮುಂಚೆ ಮಾಲೀಕರೇ ನಿಂತು ಪ್ರಿಂಟ್ ತೆಗೆಸಿದ ಡಿಸೈನು ಅದು. ಕುಂಕುಮ ಬಿದ್ದಿತ್ತು. ಕೊನೆಯ ಮರಿಯ ಕಾಲುಗುರು ಪೂರ್ತಿ ಇತ್ತು. ಗಂಗಾಧರಪ್ಪನವರು ಕನ್ನಡಕ ಹಾಕಿಕೊಂಡು ಕಾಗದವನ್ನೂ ಕಂಪ್ಯೂಟರನ್ನೂ ಮೂರು ನಾಲ್ಕು ಸಲ ನೋಡಿದರು. ಬೀಗ ಅವರದೇ, ಕೀಲಿ ಅವರ ಜೇಬಿನಲ್ಲೇ. ಆ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟೇ ಇಲ್ಲ, ಡಿಸೈನ್ ಹೊರಗೆ ಹೋಗಬಾರದು ಅಂತ. ಕಿಟಕಿಗೆ ಜಾಲರಿ ಇದೆ, ಬೆಕ್ಕು ಇಲಿ ಬರುವ ಹಾಗಿಲ್ಲ.

ಆಗ ನಾನು ಚಾಪೆಯ ಕಥೆ ಹೇಳಿದೆ. ಅವರು ನಗಲಿಲ್ಲ. ಅವರ ತಾಯಿಯೂ ಗ್ರಾಫ್ ಬರೆದವರು. ದನಿ ಇಳಿಸಿ ಭವ್ಯಳಿಗೆ ಹೇಳಿದರು. "ನೋಡಮ್ಮ, ನಾನು ನಂಬ್ತೀನಿ. ಸೋಮ್ವಾರ ಆರ್ಡರ್‌ನೋರು ಬರ್ತಾರೆ, ಈ ಕಾವ್ಲು ತೋರ್ಸಿನೇ ಅವ್ರನ್ನ ಒಪ್ಸಿರೋದು ನಾನು. ಬೀಗ ಹಾಕಿರೋ ರೂಮಲ್ಲಿ ಚುಕ್ಕಿ ಹೋಯ್ತು ಅಂದ್ರೆ ಯಾರ್ ನಂಬ್ತಾರೆ? ಒಂದ್ ಸಾಲ್ ತಾನೆ, ಅಳಿಸ್ಬಿಡು. ರೂಮು ನಿಂದೇ."

ಅಳಿಸಿದರೆ ಅವಳ ಕೆಲಸ ಗಟ್ಟಿ. ನಿಜ ಹೇಳಬೇಕೆಂದರೆ, ಅಳಿಸೇ ಅಂತ ನಾನೇ ಅವಳ ಬೆನ್ನಿಗೆ ತಟ್ಟಿದೆ. ಅವಳು ಕುರ್ಚಿಯಲ್ಲಿ ಕೂತು ಆ ಸಾಲಿನ ತನಕ ಹೋದಳು. ಕೈ ಮಂಡಿಯ ಮೇಲೆ ಇಟ್ಟುಕೊಂಡಳು.

"ಆಗಲ್ಲ ಸಾರ್. ಇದನ್ನ ಅಳಿಸಿದ್ರೆ ಮಿಕ್ಕಿದ್ದನ್ನ ಯಾಕ್ ನಂಬ್ಬೇಕು ನೀವು? ನಾಳೆ ಇನ್ಯಾರ್ದೋ ಹೆಸ್ರು ಬಂದಾಗ ಅವ್ರೂ ಅಳ್ಸು ಅಂತಾರೆ. ನಂಗೆ ಅರ್ಥ ಆಗ್ಲಿಲ್ಲ ಅಂತ ಅದು ಆಗೇ ಇಲ್ಲ ಅನ್ನಕ್ಕಾಗಲ್ಲ. ಕೆಲ್ಸ ಬೇಡ ಅಂದ್ರೆ ಹೋಗ್ತೀನಿ."

ಆ ರೂಮಿನಲ್ಲಿ ಸಿಐಡಿ ಮೇಡಮ್ಮು ಅನ್ನುತ್ತಿದ್ದವರೆಲ್ಲ ಕುರ್ಚಿ ತಿರುಗಿಸಿ ಅವಳನ್ನು ನೋಡಿದರು. ನಾನು ಹೆತ್ತಿದ್ದು ಇವಳ ಅಪ್ಪನನ್ನು, ಇಂಥವಳು ನಮ್ಮ ಮನೆಗೆ ಎಲ್ಲಿಂದ ಬಂದಳು ಅಂತ ನೋಡುತ್ತಾ ನಿಂತೆ. ಗಂಗಾಧರಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ, ಮೊದಲ ಸೀರೆ ಹೀಗೇ ಹೋಗಲಿ, ಎರಡನೆಯದಕ್ಕೆ ಚುಕ್ಕಿ ತುಂಬು ಅಂದರು. ಅಂದು, ಜೇಬಿನಿಂದ ಕೀಲಿ ತೆಗೆದು ಅವಳ ಮೇಜಿನ ಮೇಲೆ ಇಟ್ಟು ಮಗ್ಗಗಳ ಕಡೆ ಹೊರಟುಹೋದರು. ಸೋಮವಾರ ಬಂದವರಿಗೆ ಭವ್ಯ ತಾನೇ ಮೊದಲು ಆ ಸಾಲನ್ನು ತೋರಿಸಿ, ಇದೊಂದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಂದಳಂತೆ. ಅವರು ಆರ್ಡರ್ ವಾಪಸ್ ತೆಗೆದುಕೊಳ್ಳಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಈಗ ಊರಿನ ಇನ್ನೂ ಕೆಲವು ಶೆಡ್ಡುಗಳಲ್ಲಿ ಅವಳ ಕಾವಲು ಇದೆ. ಅವಳಿಗೆ ಪಾಠ ಹೇಳಿದ ಕಾಲೇಜಿನ ಮೇಷ್ಟ್ರು ಬಂದು ಅರ್ಧ ದಿನ ಆ ಕಂಪ್ಯೂಟರನ್ನು ಬಿಚ್ಚಿ ನೋಡಿದರು, ವೈರಸ್ ಇರಬಹುದು ಅಂದರು, ಹುಡುಕಿದರು, ಸಿಗಲಿಲ್ಲ. ನಾನು ಆಮೇಲೆ ಎಷ್ಟೋ ಮಧ್ಯಾಹ್ನ ಅದೇ ಚಾಪೆಯ ಮೇಲೆ ಬೇಕೆಂದೇ ಮಲಗಿದ್ದೇನೆ. ಬರೀ ನಿದ್ದೆ ಬಂತು. ನನ್ನ ಕೈ ಮೂರು ಬೀದಿ ದಾಟಿ ಹೋಯಿತು ಅಂತ ನಾನು ಹೇಳಲಾರೆ. ಹೋಗಲಿಲ್ಲ ಅಂತಲೂ ಹೇಳಲಾರೆ.

ಒಂದು ಮಾತ್ರ ನನ್ನನ್ನು ಕೊರೆಯುತ್ತಿತ್ತು. ಆ ಸಾಲು ಇವತ್ತಿಗೂ ಭವ್ಯಳ ಹೆಸರಿನಲ್ಲೇ ಇದೆ. ಮಾಡದ ಕೆಲಸ ಮಗುವಿನ ಮೇಲೆ ಯಾಕೆ ಇರಬೇಕು? ಮೊನ್ನೆ ಅವಳು ತಲೆ ಬಾಚಿಸಿಕೊಳ್ಳುತ್ತಾ ಕೂತಿದ್ದಾಗ ಕೇಳಿದೆ, ಅಳಿಸುವುದು ಬೇಡ ಕಣೇ, ಪಕ್ಕದಲ್ಲಿ ನನ್ನ ಹೆಸರು ಬರೆದುಬಿಡು, ನಾನು ಒಪ್ಪಿಕೊಳ್ಳುತ್ತೇನಲ್ಲ.

"ನೀನು ಒಪ್ಕೋತೀಯ ಅಜ್ಜಿ," ಅಂದಳು. "ಆದ್ರೆ ಕಾವ್ಲು ನಿನ್ನ ನೋಡ್ಲಿಲ್ವಲ್ಲ."

ಬರೆಯಲಿಲ್ಲ ಅವಳು. ನಾನು ಜಡೆ ಹೆಣೆದು ಮುಗಿಸಿದೆ.