ಭಾವ ನಡೆಯದ ದಾರಿ

ನನ್ನ ಅಕ್ಕನ ಗಂಡನಿಗೆ ಆಫೀಸಿನವರು ಇಟ್ಟ ಅಡ್ಡಹೆಸರು ‘ಮುಚ್ಚಳ ಸಾಹೇಬರು’. ಆ ಹೆಸರನ್ನು ಮನೆಮಂದಿಗೆಲ್ಲ ಹಬ್ಬಿಸಿದ ಪುಣ್ಯಾತ್ಮ ನಾನು.

ಏಷ್ಯಾದ ಐದಾರು ದೇಶಗಳ ಸಣ್ಣಪುಟ್ಟ ಆಸ್ಪತ್ರೆಗಳು ಕಳಿಸುವ ಸ್ಕ್ಯಾನುಗಳನ್ನು ಓದಿ ವರದಿ ಕೊಡುವ ಕಂಪನಿ ಅವರದು. ಆ ಚಿತ್ರಗಳನ್ನು ಯಾವ ಡೇಟಾ ಸೆಂಟರಿನಲ್ಲಿ ಇಡಬೇಕು, ಯಾವ ಟೆಲಿಕಾಂ ಕಂಪನಿಯ ಕೇಬಲ್ಲಿನಲ್ಲಿ ತರಿಸಬೇಕು ಎಂದು ಆರಿಸುವುದು ಭಾವನ ಕೆಲಸ. ನೆರೆ ಬರುವ ಜಾಗ ಬೇಡ, ಭೂಮಿ ನಡುಗುವ ಜಾಗ ಬೇಡ, ಜನರೇಟರಿಗೆ ಎರಡು ದಿನದ ಡೀಸೆಲ್ ಇರಲೇಬೇಕು. ಮಗಳಿಗೆ ಗಂಡು ಹುಡುಕುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಅಕ್ಕ ನಗುತ್ತಿದ್ದಳು.

ಲೈನುಗಳು ಯಾವತ್ತೂ ಎರಡು, ಬೇರೆ ಕಂಪನಿಯವು, ಬೇರೆ ದಾರಿಯವು. ಒಂದು ಕಡಿದರೆ ಇನ್ನೊಂದು ಕೈಹಿಡಿಯಬೇಕು. ಆದರೆ ಒಬ್ಬರ ಕೊಳವೆಯಲ್ಲೇ ಇನ್ನೊಬ್ಬರೂ ಕೇಬಲ್ ಎಳೆದು, ನಕ್ಷೆಯಲ್ಲಿ ಮಾತ್ರ ಬೇರೆ ಗೆರೆ ತೋರಿಸುವುದುಂಟು. ಅದಕ್ಕೇ ಭಾವ ಸಹಿ ಹಾಕುವ ಮೊದಲು ಲೈನ್‌ಮನ್ ಒಬ್ಬನನ್ನು ಕರೆದುಕೊಂಡು ಇಡೀ ದಾರಿ ನಡೆಯುತ್ತಿದ್ದರು. ರಸ್ತೆಬದಿಯ ಕೇಬಲ್ ಗುಂಡಿಗಳ ಒಂದೊಂದೇ ಮುಚ್ಚಳ ಎತ್ತಿಸಿ ಒಳಗೆ ಇಣುಕುತ್ತಿದ್ದರು. ಕಂಪನಿಯ ಹಾಳೆಯಲ್ಲಿ ‘ನಡೆದು ನೋಡಿದೆ’ ಎಂಬ ಕಾಲಂ ಒಂದನ್ನು ತಾವೇ ಸೇರಿಸಿದ್ದರು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ.

ಕಳೆದ ವರ್ಷ ಹೊಸ ಡೇಟಾ ಸೆಂಟರ್ ಆರಿಸುವಾಗ ಮೊದಲ ಲೈನು ನಡೆದಾಗಿತ್ತು. ಸಹಿಗೆ ಮುಂಚೆ ಎರಡನೆಯದಕ್ಕೆ ಉಳಿದದ್ದು ಒಂದೇ ದಿನ. ಅದೇ ದಿನ ನಾನು ಮನೆ ಬದಲಿಸುತ್ತಿದ್ದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ.

“ಭಾವ, ಬೀರು ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೊಂಡಿದೆ. ಬೇಗ ಬನ್ನಿ.”

“ಇವತ್ತು ಆಗಲ್ಲ ಕಣೋ. ಎರಡನೇ ಲೈನು ನೋಡ್ಬೇಕು.”

“ಅಷ್ಟು ದೊಡ್ಡ ಕಂಪನಿ ನಕ್ಷೆ ಕೊಟ್ಟಿದೆಯಲ್ಲ! ನೀವೊಬ್ರು, ಹಗ್ಗ ಕಂಡ್ರೂ ಹಾವು ಅಂತೀರಿ.”

ಬಂದರು. ಬೀರುವಿನ ಭಾರದ ಕಡೆಯನ್ನು ಅವರೇ ಹೊತ್ತರು. ಸಂಜೆ ನನ್ನ ಖಾಲಿ ಕೋಣೆಯ ನೆಲದ ಮೇಲೆ ಕೂತು ಹಾಳೆ ತುಂಬಿದರು. ಆ ಕಾಲಂನ ಮುಂದೆಯೂ ಗುರುತು ಹಾಕಿದರು. ಪೆನ್ನು ನನ್ನದು.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ, ಸೇತುವೆಯ ಬುಡದಲ್ಲಿ ನೀರಿನ ಪೈಪಿಗೆಂದು ನೆಲ ಅಗೆಯುತ್ತಿದ್ದ ಯಂತ್ರ ಒಂದು ಕೊಳವೆಯನ್ನು ಕತ್ತರಿಸಿತು. ಎರಡೂ ಕೇಬಲ್ ಅದರಲ್ಲೇ ಇದ್ದವು. ಐದು ಗಂಟೆ ಕಾಲ ಏನೂ ಓಡಲಿಲ್ಲ. ದೂರದ ದ್ವೀಪವೊಂದರ ಆಸ್ಪತ್ರೆಯಿಂದ ಹೊರಟ ತಲೆಯ ಸ್ಕ್ಯಾನು ದಾರಿಯಲ್ಲೇ ನಿಂತಿತು. ಮೆಟ್ಟಿಲಿನಿಂದ ಬಿದ್ದ ಹೆಂಗಸು, ಮೂವತ್ತನಾಲ್ಕು ವರ್ಷ. ಅಲ್ಲಿ ಅದನ್ನು ಓದುವವರಿರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ, ತಕ್ಷಣ ಶಸ್ತ್ರಚಿಕಿತ್ಸೆ ಮಾಡಿ ಎಂಬ ವರದಿ ಹೋಗುವಷ್ಟರಲ್ಲಿ ಅವಳು ಸತ್ತು ಒಂದು ಗಂಟೆಯಾಗಿತ್ತು.

ವಿಚಾರಣೆ ನಡೆದು, ಸುಳ್ಳು ನಕ್ಷೆ ಕೊಟ್ಟ ಟೆಲಿಕಾಂ ಕಂಪನಿಯದೇ ತಪ್ಪೆಂದು ತೀರ್ಮಾನವಾಯಿತು. ಭಾವ ಹಾಳೆ ಹಿಡಿದು ಮ್ಯಾನೇಜರ್ ಮುಂದೆ ನಿಂತರಂತೆ. ಇದನ್ನು ಅಕ್ಕ ಅಳುತ್ತಾ ಹೇಳಿದಳು.

“ನಾನು ನಡೀಲಿಲ್ಲ ಸಾರ್. ಸುಳ್ಳು ಗುರುತು ಹಾಕ್ದೆ.”

“ಆ ಕಾಲಂ ನಮ್ಮ ನಿಯಮದಲ್ಲೇ ಇಲ್ಲ, ಬಿಡ್ರಿ. ಅದಿರ್ಲಿ, ಯಾಕೆ ನಡೀಲಿಲ್ಲ?”

“ಸೋಮಾರಿತನ ಸಾರ್.”

ಮುಂದಿನ ತಿಂಗಳು ಬಂದ ಹೊಸ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ. ಆ ಹೆಂಗಸಿನ ಮನೆಯವರಿಗೆ ಪತ್ರ ಬರೆಯಲು ಭಾವ ವಿಳಾಸ ಕೇಳಿದರು, ಕಂಪನಿ ಕೊಡಲಿಲ್ಲ. ಕೆಲಸದಿಂದ ತೆಗೆಯಿರಿ ಎಂದರು, ತೆಗೆಯಲಿಲ್ಲ. ಈಗ ಅವರು ಬಂದ ಕಾಗದಕ್ಕೆಲ್ಲ ಸಹಿ ಹಾಕುತ್ತಾರಂತೆ. ತಟ್ಟೆ ಮುಂದಿಟ್ಟರೆ ಅಕ್ಕ ಎರಡು ಸಲ ಹೇಳಬೇಕು. ನಗಿಸಲು ನೋಡಿ ನಾನೂ ಸೋತಿದ್ದೇನೆ.

ರಜೆಯ ದಿನ ಆ ಎರಡನೇ ಲೈನಿನ ದಾರಿಯಲ್ಲಿ ನಡೆಯುತ್ತಾರೆ. ಹೋದ ವಾರ ನಾನೂ ಜೊತೆಗೆ ಹೋದೆ. ಸೇತುವೆಯ ಹತ್ತಿರ ಒಂದು ಮುಚ್ಚಳದ ಮೇಲೆ ಕಾಲಿಟ್ಟು ನಿಂತರು.

“ಆಫೀಸಿಂದ ಇಲ್ಲಿಗೆ ಇಪ್ಪತ್ತೇ ನಿಮಿಷ ಕಣೋ.”

“ಭಾವ, ಆ ದಿನ ನಾನು ಫೋನ್ ಮಾಡದೆ ಇದ್ದಿದ್ರೆ...”

“ಬೀರು ಹೇಗಿದೆ? ಬಾಗಿಲು ಸರಿಯಾಗಿ ಮುಚ್ಚುತ್ತಾ?”

“ಮುಚ್ಚುತ್ತೆ ಭಾವ.”

“ಒಳ್ಳೇದಾಯ್ತು” ಎಂದು ಮುಂದಿನ ಮುಚ್ಚಳದ ಕಡೆಗೆ ನಡೆದರು. ಒಂದು ಸಲ ಬೈದುಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.